ಗರ್ಭದ ಕೂಸಿಗೆ ಎರಡು ರಕ್ಷೆ

ಓಂ ಶ್ರೀ ಗುರುಬಸವಲಿಂಗಾಯ ನಮಃ



ನಮ್ಮ ಸಂಪ್ರದಾಯದಲ್ಲಿ ಕೂಸು ಹುಟ್ಟುವ ಮೊದಲೇ ಅದಕ್ಕೆ ಲಿಂಗಸಂಸ್ಕಾರವಾಗುತ್ತದೆ. ಬಸುರಿಗೆ ಎಂಟನೆಯ ತಿಂಗಳು ನಡೆಯುತ್ತಿರುವಾಗ ಮನೆಗೆ ಗುರುವನ್ನು ಬರಮಾಡಿಕೊಂಡು ಗರ್ಭಕ್ಕೆ ಲಿಂಗಧಾರಣೆ ಮಾಡಿಸುತ್ತೇವೆ. ಕೂಸು ಇನ್ನೂ ಕಣ್ಣು ಬಿಟ್ಟಿಲ್ಲ, ಹೆಸರಿಟ್ಟಿಲ್ಲ. ಆದರೂ ಅದು ಶಿವನ ಕೂಸಾಯಿತು. ಅದಕ್ಕೆ ಕೈ ನೀಡಿ ಲಿಂಗವನ್ನು ಪಡೆಯುವ ಶಕ್ತಿಯಿಲ್ಲದ ಕಾರಣ ತಾಯಿಯೇ ಅದರ ಪರವಾಗಿ ಪಡೆಯುತ್ತಾಳೆ. ತಾಯಿ ಪಡೆದದ್ದು ಕೂಸಿಗೆ ಸೇರುತ್ತದೆ ಎಂಬುದು ಈ ಸಂಸ್ಕಾರದ ಒಳಗಿರುವ ನಂಬಿಕೆ. ಈ ಸಲದ ಧರ್ಮಚಿಂತನೆಯನ್ನು ಈ ಮಾತಿನಿಂದಲೇ ಆರಂಭಿಸುತ್ತಿದ್ದೇನೆ. ಏಕೆಂದರೆ ಇಂದು ಹೇಳಬೇಕಾದ ವಿಷಯಕ್ಕೆ ಇದೇ ತಳಹದಿ.

ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಅಕ್ಕಲಕೋಟ ಕಡೆಯ ಒಬ್ಬ ಹಿರಿಯ ತಾಯಿ ಸೊಸೆಯನ್ನು ಕರೆದುಕೊಂಡು ಬಂದು ಪೂಜ್ಯರ ಮುಂದೆ ಹೀಗೆ ಹೇಳಿದರು: "ಅಪ್ಪಾರ, ಸೊಸಿ ಐದ ತಿಂಗಳ ಬಸರಿ ಅದಾಳ್ರಿ. ನರ್ಸಬಾಯಿ ಸೂಜಿ ಮಾಡಸ್ಕೋ ಅಂತಾಳ. ಇಕಿ ಅಂಜತಾಳ. ನನಗೂ ಏನ ಹೇಳಬೇಕು ತಿಳೀವಲ್ದು." ಪೂಜ್ಯರು ಅತ್ತೆಗೆ ಉತ್ತರ ಕೊಡಲಿಲ್ಲ. ಹಿಂದೆ ಸೆರಗು ಹಿಡಿದು ನಿಂತಿದ್ದ ಸೊಸೆಯ ಕಡೆಗೆ ನೋಡಿ, "ನಿನಗ ಯಾತರ ಅಂಜಿಕಿ ಐತಿ, ನೀನ ಹೇಳವಾ" ಎಂದರು. ಆಕೆ ಒಂದೊಂದಾಗಿ ಹೇಳಿದಳು. ಸೂಜಿಯ ಮದ್ದು ಕೂಸಿಗೆ ವಿಷವಾದರೆ? ಗರ್ಭ ಇಳಿದರೆ? ಮುಂದೆ ಮಕ್ಕಳಾಗದ ಹಾಗೆ ಮಾಡುವ ಸೂಜಿ ಇದು ಎನ್ನುತ್ತಾರಲ್ಲ, ಅದು ನಿಜವೇ? ಅತ್ತೆಯವರು ಐದು ಹಡೆದರು, ಅವರಿಗೆ ಬೇಡವಾದದ್ದು ನನಗೇಕೆ? ಕೊರಳಲ್ಲಿ ಲಿಂಗವಿರುವಾಗ ಸೂಜಿಯ ಹಂಗು ಏಕೆ?

ಪೂಜ್ಯರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಆಮೇಲೆ, ಇದು ಒಂದು ಮನೆಯ ಪ್ರಶ್ನೆಯಾಗಿರದೆ ನಮ್ಮ ಗಡಿಭಾಗದ ಎಷ್ಟೋ ಮನೆಗಳ ಪ್ರಶ್ನೆಯಾಗಿರುವುದರಿಂದ ವೈದ್ಯರಲ್ಲಿ ವಿಚಾರಿಸಿ, ತಿಳಿದು, ಎಲ್ಲ ಭಕ್ತರಿಗೂ ಬರೆದು ತಿಳಿಸಬೇಕೆಂದು ಅಪ್ಪಣೆ ಕೊಟ್ಟರು. ಆ ಅಪ್ಪಣೆಯಂತೆ ಈ ಬರಹ.

ಮೊದಲನೆಯ ಮಾತು: ಬಸುರಿಯ ಅಂಜಿಕೆ ಪಾಪವಲ್ಲ, ಅಜ್ಞಾನವೆಂದು ತಳ್ಳಿಬಿಡುವಂಥದ್ದೂ ಅಲ್ಲ. ತನ್ನ ಒಡಲಲ್ಲಿರುವ ಜೀವದ ಬಗ್ಗೆ ಕಾಳಜಿಯಿದ್ದವಳಿಗೇ ಅಂಜಿಕೆ ಬರುತ್ತದೆ. ಅದು ವಾತ್ಸಲ್ಯದ ನೆರಳು. ಬಯ್ದರೆ ನೆರಳು ಹೋಗುವುದಿಲ್ಲ, ಬೆಳಕು ತಂದರೆ ಹೋಗುತ್ತದೆ. ಕಲ್ಯಾಣದ ಅನುಭವಮಂಟಪವನ್ನು ನೆನೆಯಿರಿ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದರು. ಅಕ್ಕ ತಲೆ ತಗ್ಗಿಸಿ ನಿಲ್ಲದೆ ಮಾತಿಗೆ ಮಾತು ಕೊಟ್ಟು ತನ್ನ ನಿಲುವನ್ನು ತಿಳಿಸಿದಳು. ಹೆಣ್ಣಿನ ಪ್ರಶ್ನೆಗೂ ಉತ್ತರಕ್ಕೂ ಅಷ್ಟು ಗೌರವ ಕೊಟ್ಟ ಪರಂಪರೆ ನಮ್ಮದು. ಹೀಗಿರುವಾಗ ಇಂದು ನಮ್ಮ ಮನೆಯ ಸೊಸೆ "ಇದು ಏನು ಸೂಜಿ, ಏಕೆ ಬೇಕು" ಎಂದು ಕೇಳಿದರೆ "ಸುಮ್ಮನೆ ಮಾಡಿಸಿಕೋ" ಎನ್ನುವುದು ಶರಣಧರ್ಮವಾಗಲಾರದು. ಅವಳಿಗೆ ಉತ್ತರ ಸಿಗಬೇಕು.

ಇನ್ನು ರೋಗದ ವಿಷಯ. ಬಸುರಿಯರಿಗೆ ಸರ್ಕಾರಿ ದವಾಖಾನೆಯಲ್ಲಿ ಹಾಕುವ ಈ ಸೂಜಿಯನ್ನು ನಮ್ಮವರು ಬಹಳ ಕಾಲದಿಂದ ಟಿ.ಟಿ. ಎಂದೇ ಬಲ್ಲರು. ಅದು ಧನುರ್ವಾಯುವಿನ ಲಸಿಕೆ. ಮರಾಠಿಯಲ್ಲಿ ಧನುರ್ವಾತ ಎನ್ನುವುದೂ ತೆಲುಗಿನಲ್ಲಿ ಧನುರ್ವಾತಂ ಎನ್ನುವುದೂ ಇದೇ ರೋಗವನ್ನೇ. 2019ರ ಹೊತ್ತಿಗೆ ನಮ್ಮ ದೇಶದಲ್ಲಿ ಟಿ.ಟಿ. ಬದಲು ಟಿ.ಡಿ. ಎಂಬ ಲಸಿಕೆ ಬಂತು. ಇದರಲ್ಲಿ ಧನುರ್ವಾಯುವಿನ ಜೊತೆಗೆ ಗಂಟಲಮಾರಿ ರೋಗಕ್ಕೂ ರಕ್ಷಣೆ ಸೇರಿದೆ. ಹೆಸರಿನಲ್ಲಿ ಒಂದು ಅಕ್ಷರ ಬದಲಾದದ್ದನ್ನು ಕಂಡು "ಇದು ಯಾವುದೋ ಹೊಸ ಸೂಜಿ, ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಾರೆ" ಎಂದು ಕೆಲವರು ಅನುಮಾನಪಟ್ಟಿದ್ದುಂಟು. ಹಳೆಯ ಲಸಿಕೆಗೆ ಇನ್ನೊಂದು ರಕ್ಷಣೆ ಕೂಡಿಸಿದ್ದಾರೆ, ಅಷ್ಟೇ.

ಧನುರ್ವಾಯುವಿನ ರೋಗಾಣು ಎಲ್ಲಿರುತ್ತದೆ? ನಾವು ದಿನನಿತ್ಯ ತುಳಿಯುವ ಮಣ್ಣಿನಲ್ಲಿ, ದನದ ಸಗಣಿಯಲ್ಲಿ, ಗೊಬ್ಬರದ ತಿಪ್ಪೆಯಲ್ಲಿ, ತುಕ್ಕು ಹಿಡಿದು ಬಿದ್ದ ಕುಡಗೋಲಿಗೆ ಮೆತ್ತಿದ ಮಣ್ಣಿನಲ್ಲಿ. ಒಣಗಿದರೂ ಬಿಸಿಲಿಗೆ ಬಿದ್ದರೂ ಸಾಯದೆ ವರ್ಷಗಟ್ಟಲೆ ಬೀಜದಂತೆ ಮಲಗಿರುತ್ತದೆ. ಗಾಯದ ಮೂಲಕ ಮೈಯೊಳಗೆ ಹೊಕ್ಕರೆ ವಿಷ ಕಾರುತ್ತದೆ. ಆ ವಿಷ ನರಗಳನ್ನು ಹಿಡಿದು ದವಡೆ ಕಚ್ಚುವಂತೆ, ಮೈ ಬಿಲ್ಲಿನಂತೆ ಬಾಗುವಂತೆ ಮಾಡುತ್ತದೆ. ಧನುಸ್ಸಿನಂತೆ ಬಾಗಿಸುವುದರಿಂದಲೇ ಅದಕ್ಕೆ ಧನುರ್ವಾಯು ಎಂದು ಹೆಸರು.

ಆಗ ಹುಟ್ಟಿದ ಕೂಸಿಗೆ ಹೊಕ್ಕುಳ ಬಳ್ಳಿ ಕೊಯ್ದ ಜಾಗವೇ ಒಂದು ಗಾಯ. ಕೊಯ್ದ ಆಯುಧ ಶುದ್ಧವಿರದಿದ್ದರೆ, ಕಟ್ಟಿದ ದಾರ ಶುದ್ಧವಿರದಿದ್ದರೆ, ಗಾಯದ ಮೇಲೆ ಮಣ್ಣು ಸಗಣಿ ಸೋಂಕಿದರೆ ರೋಗಾಣು ಅಲ್ಲಿಂದ ಒಳಹೊಗುತ್ತದೆ. ಮೊದಲ ಎರಡು ದಿನ ಕೂಸು ಚೆನ್ನಾಗಿಯೇ ಮೊಲೆ ಉಣ್ಣುತ್ತದೆ, ಅಳುತ್ತದೆ. ಮೂರನೆಯ ದಿನದಿಂದ ಇಪ್ಪತ್ತೆಂಟನೆಯ ದಿನದೊಳಗೆ ಯಾವಾಗಲೋ ಒಮ್ಮೆ ಬಾಯಿ ಬಿಗಿಯುತ್ತದೆ, ಮೊಲೆ ಹಿಡಿಯದು; ಮುಟ್ಟಿದರೆ, ಸದ್ದಾದರೆ ಮೈ ಸೆಟೆಯುತ್ತದೆ. ಬಂದ ಮೇಲೆ ಉಳಿಸಿಕೊಳ್ಳುವುದು ದೊಡ್ಡ ಆಸ್ಪತ್ರೆಯಲ್ಲೂ ಬಹಳ ಕಷ್ಟ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಹೋಯಿತು, ಗಾಳಿ ಬಡಿಯಿತು, ದೃಷ್ಟಿಯಾಯಿತು ಎಂದು ಅತ್ತ ಎಷ್ಟೋ ಮನೆಗಳಲ್ಲಿ ನಡೆದದ್ದು ಇದೇ ರೋಗ.

ಈಗ ಸೊಸೆಯ ಮೊದಲನೆಯ ಅಂಜಿಕೆಗೆ ಬರೋಣ. ಮದ್ದು ಕೂಸಿಗೆ ವಿಷವಾಗುವುದೆ? ಈ ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ. ರೋಗಾಣು ಕಾರುವ ವಿಷವನ್ನು ಬೇರ್ಪಡಿಸಿ, ಅದರ ವಿಷಗುಣ ಹೋಗುವಂತೆ ಮಾಡಿ, ಆಕಾರ ಮಾತ್ರ ಉಳಿಸಿರುತ್ತಾರೆ. ವ್ಯಾಪಾರಸ್ಥ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ರದ್ದು ಮಾಡಿದ ಚೆಕ್ಕಿನ ಮೇಲೆ ಬ್ಯಾಂಕಿನ ಹೆಸರಿದೆ, ಖಾತೆಯ ನಂಬರಿದೆ, ಎಲ್ಲ ಇದೆ. ಆದರೆ ಅದರಿಂದ ಒಂದು ಪೈಸೆಯನ್ನೂ ತೆಗೆಯಲು ಬರುವುದಿಲ್ಲ. ಗುರುತಿಗೆ ಮಾತ್ರ ಅದು. ಹಾಗೆಯೇ ಲಸಿಕೆ ತಾಯಿಯ ದೇಹಕ್ಕೆ ವೈರಿಯ ಗುರುತು ತೋರಿಸುತ್ತದೆ, ಹಾನಿ ಮಾಡಲಾರದು. ಗುರುತು ಸಿಕ್ಕ ದೇಹ ತನ್ನ ರಕ್ತದಲ್ಲಿ ಎದುರಾಳಿ ಶಕ್ತಿಯನ್ನು ಸಿದ್ಧಮಾಡಿಟ್ಟುಕೊಳ್ಳುತ್ತದೆ. ಆ ಶಕ್ತಿ ಮಾಸಿನ ಮೂಲಕ ಹಾಯ್ದು ಗರ್ಭದ ಕೂಸಿಗೆ ಸೇರುತ್ತದೆ. ಕೂಸು ಹುಟ್ಟುವಾಗಲೇ ತಾಯಿಯಿಂದ ಬಂದ ಕಾವಲನ್ನು ಹೊತ್ತುಕೊಂಡು ಹುಟ್ಟುತ್ತದೆ. ಆರು ವಾರ ತುಂಬಿದ ಮೇಲೆ ಅದಕ್ಕೆ ತನ್ನದೇ ಧನುರ್ವಾಯುವಿನ ಲಸಿಕೆ ಆರಂಭವಾಗುತ್ತದೆ. ಅಲ್ಲಿಯವರೆಗೆ ತಾಯಿ ಕೊಟ್ಟದ್ದೇ ಅದರ ಆಸ್ತಿ.

ಈ ಬರಹದ ಆರಂಭದಲ್ಲಿ ಹೇಳಿದ ಮಾತು ಇಲ್ಲಿಗೆ ಕೂಡುತ್ತದೆ. ಲಿಂಗವನ್ನು ತಾಯಿ ಪಡೆದರೆ ಕೂಸಿಗೆ ಸೇರಿತು ಎಂದು ನಾವು ನಂಬುತ್ತೇವೆ. ರಕ್ಷೆಯನ್ನು ತಾಯಿ ಪಡೆದರೆ ಕೂಸಿಗೆ ಸೇರುತ್ತದೆ ಎಂಬುದನ್ನು ವೈದ್ಯರು ಪರೀಕ್ಷಿಸಿ ಕಂಡಿದ್ದಾರೆ. 1966ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಹಳ್ಳಿಗಾಡಿನ ಒಂದು ಅಧ್ಯಯನ ಪ್ರಕಟವಾಯಿತು. ಎರಡು ಅಥವಾ ಹೆಚ್ಚು ಸಲ ಈ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಒಂದೂ ಧನುರ್ವಾಯುವಿನಿಂದ ಸಾಯಲಿಲ್ಲ. ಪಡೆಯದವರಲ್ಲಿ ಅನೇಕ ಕೂಸುಗಳು ಸತ್ತವು. ಅಂದಿನಿಂದ ಇಂದಿನವರೆಗೆ ಲೋಕದ ಕೋಟಿ ಕೋಟಿ ಬಸುರಿಯರು ಇದನ್ನು ಪಡೆದಿದ್ದಾರೆ. ಗರ್ಭದ ಕೂಸಿಗೆ ಇದರಿಂದ ಕೇಡಾದದ್ದು ಕಂಡುಬಂದಿಲ್ಲ.

ಎರಡನೆಯ ಅಂಜಿಕೆ ಗರ್ಭ ಇಳಿಯುವುದು. ಯಾವ ಸೂಜಿಯೂ ಇಲ್ಲದೆ ಮೊದಲ ಮೂರು ತಿಂಗಳಲ್ಲಿ ಗರ್ಭ ನಿಲ್ಲದೆ ಹೋಗುವುದು ಹೆಣ್ಣುಮಕ್ಕಳ ಬಾಳಿನಲ್ಲಿ ಅಪರೂಪವೇನಲ್ಲ. ಸೂಜಿ ಮಾಡಿಸಿಕೊಂಡ ಸಾವಿರಾರು ಹೆಂಗಸರಲ್ಲಿ ಯಾರಿಗೋ ಒಬ್ಬರಿಗೆ ಅದೇ ವಾರ ಹಾಗಾದರೆ ಊರು ಸೂಜಿಯ ಮೇಲೆ ಹಾಕುತ್ತದೆ. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯೇ ಮುರಿಯಿತು ಎಂದ ಹಾಗೆ. ಗರ್ಭ ಕಳೆದುಕೊಂಡ ತಾಯಿಯ ದುಃಖ ದೊಡ್ಡದು. ಅವಳನ್ನು ಸಂತೈಸಬೇಕು. ಆದರೆ ಆ ದುಃಖದಿಂದ ತಪ್ಪು ಲೆಕ್ಕ ಹುಟ್ಟಿ ಇನ್ನೊಂದು ಕೂಸಿನ ರಕ್ಷೆ ತಪ್ಪಬಾರದು.

ಸೂಜಿಯಿಂದ ಏನೂ ಆಗುವುದಿಲ್ಲ ಎಂದು ಹೇಳಿ ಮೋಸ ಮಾಡುವುದೂ ತರವಲ್ಲ. ರಟ್ಟೆ ನೋಯುತ್ತದೆ, ಸ್ವಲ್ಪ ಕೆಂಪಾಗಿ ಬಾವು ಬರಬಹುದು, ಒಂದೆರಡು ದಿನ ಸಣ್ಣ ಜ್ವರ ಇರಬಹುದು. ತನ್ನಷ್ಟಕ್ಕೆ ಇಳಿಯುತ್ತದೆ. ಬಹಳ ಅಪರೂಪವಾಗಿ ಕೆಲವರ ಮೈಗೆ ಒಗ್ಗದೆ ಉಸಿರು ಕಟ್ಟುವುದು, ಮೈಯೆಲ್ಲ ದದ್ದು ಏಳುವುದು ಉಂಟು. ಆದ್ದರಿಂದಲೇ ಸೂಜಿಯಾದ ಮೇಲೆ ಅರ್ಧ ತಾಸು ಅಲ್ಲಿಯೇ ಕೂಡಿಸುತ್ತಾರೆ. ಬಸ್ಸಿಗೆ ಹೊತ್ತಾಯಿತೆಂದು ಏಳಬಾರದು. ಹಿಂದೆ ಯಾವುದಾದರೂ ಲಸಿಕೆಯಿಂದ ಹೀಗಾಗಿದ್ದರೆ, ಅಥವಾ ಆ ದಿನ ಜೋರು ಜ್ವರವಿದ್ದರೆ ಮೊದಲೇ ಡಾಕ್ಟರರಿಗೆ ಹೇಳಬೇಕು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಎಲ್ಲ ಲಸಿಕೆಗಳೂ ಬಸುರಿಯರಿಗಲ್ಲ. ದಡಾರ ಮತ್ತು ರುಬೆಲ್ಲಾ ಲಸಿಕೆಯಂಥ ಕೆಲವುಗಳಲ್ಲಿ ಶಕ್ತಿಗುಂದಿಸಿದ ಜೀವಂತ ರೋಗಾಣು ಇರುವುದರಿಂದ ಅವನ್ನು ಬಸುರಿನಲ್ಲಿ ಹಾಕುವುದಿಲ್ಲ. ಕೋವಿಡ್ ಕಾಲದಲ್ಲಿ ಮೊದಲು ಬಸುರಿಯರಿಗೆ ಲಸಿಕೆ ಬೇಡವೆಂದಿದ್ದ ಸರ್ಕಾರ 2021ರ ಜುಲೈ ತಿಂಗಳಲ್ಲಿ ಅವರಿಗೂ ಒಪ್ಪಿಗೆ ಕೊಟ್ಟಿತು. ಆಗ ಹುಟ್ಟಿದ ಗೊಂದಲವೂ ಫೋನಿನಲ್ಲಿ ಹರಿದಾಡಿದ ಮಾತುಗಳೂ ಇನ್ನೂ ಪೂರ್ತಿ ಅಡಗಿಲ್ಲ. ಹೀಗಾಗಿ "ಯಾವ ಸೂಜಿ ಇದು" ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಕೇಳಿರಿ. ಉತ್ತರ ಟಿ.ಡಿ. ಎಂದು ಬಂದರೆ ಧೈರ್ಯದಿಂದ ತೋಳು ಕೊಡಿರಿ. ಬೇರೆ ಲಸಿಕೆ ಹೇಳಿದರೆ ಏಕೆ ಬೇಕೆಂಬುದನ್ನು ಡಾಕ್ಟರರಿಂದ ತಿಳಿದುಕೊಳ್ಳಿರಿ.

ಮೂರನೆಯದು, ಮಕ್ಕಳಾಗದಂತೆ ಮಾಡುವ ಸೂಜಿ ಎಂಬ ಸುದ್ದಿ. ಇದು ನಮ್ಮ ಸೀಮೆಯಲ್ಲಿ ಹುಟ್ಟಿದ ಮಾತಲ್ಲ. 1990ರ ದಶಕದಲ್ಲಿ ಫಿಲಿಪ್ಪೀನ್ಸ್ ಮುಂತಾದ ದೇಶಗಳಲ್ಲಿ ಇದೇ ಲಸಿಕೆಯ ಬಗ್ಗೆ ಇದೇ ಸುದ್ದಿ ಹಬ್ಬಿ, ಎಷ್ಟೋ ತಾಯಂದಿರು ಲಸಿಕೆಯಿಂದ ದೂರ ಉಳಿದಿದ್ದರು. ಸುಳ್ಳಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಭಾಷೆಯ ಗಡಿಯೂ ಇಲ್ಲ. ನಿಮ್ಮ ಓಣಿಯಲ್ಲೇ ವಿಚಾರಿಸಿ ನೋಡಿರಿ. ಇಂದು ಎರಡು ಮೂರು ಮಕ್ಕಳ ತಾಯಂದಿರಾಗಿರುವವರಲ್ಲಿ ಹೆಚ್ಚಿನವರು ಚೊಚ್ಚಲ ಬಸುರಿನಲ್ಲಿ ಟಿ.ಟಿ. ಸೂಜಿ ಮಾಡಿಸಿಕೊಂಡವರೇ. ಅವರಿಗೆ ಮತ್ತೆ ಮಕ್ಕಳಾಗಿವೆ. ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ನಾಲ್ಕನೆಯದು, ಹಿರಿಯರು ಸೂಜಿಯಿಲ್ಲದೆ ಹಡೆಯಲಿಲ್ಲವೆ ಎಂಬುದು. ಹಡೆದರು, ನಿಜ. ಲೆಕ್ಕಪತ್ರ ಓದಿದವನಾಗಿ ಒಂದು ಮಾತು ಹೇಳುತ್ತೇನೆ. ಜಮಾ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಖಾತೆಪುಸ್ತಕವನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. "ನಾನು ಐದು ಹಡೆದೆ" ಎನ್ನುವ ತಾಯಿಯನ್ನು ಮೆಲ್ಲಗೆ ಕೂಡಿಸಿ ಕೇಳಿರಿ, ಮಣ್ಣಿಗಿಟ್ಟದ್ದು ಎಷ್ಟು ಎಂದು. ಆಕೆ ಬಹಳ ಹೊತ್ತು ಸುಮ್ಮನಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ 7 ಲಕ್ಷ 87 ಸಾವಿರ ಹಸುಗೂಸುಗಳು ಧನುರ್ವಾಯುವಿನಿಂದ ಸತ್ತವು. 2018ರಲ್ಲಿ ಆ ಸಂಖ್ಯೆ 25 ಸಾವಿರಕ್ಕೆ ಇಳಿಯಿತು. ನಮ್ಮ ದೇಶದಲ್ಲಿ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾಯಿತು. 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ಅಂದರೆ ಪ್ರತಿಯೊಂದು ಜಿಲ್ಲೆಯಲ್ಲೂ ವರ್ಷಕ್ಕೆ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆ ಕೂಸಿಗೆ ಮಾತ್ರ ಈ ರೋಗ.

"ನಿವಾರಣೆಯಾಯಿತಲ್ಲ, ಇನ್ನೇಕೆ ಸೂಜಿ" ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. ಸಿಡುಬು ಮನುಷ್ಯನಿಂದ ಮನುಷ್ಯನಿಗೆ ಹರಡುತ್ತಿತ್ತು. ಲಸಿಕೆಯ ಬಲದಿಂದ ಅದು ಲೋಕದಿಂದಲೇ ಹೋಯಿತು. ಧನುರ್ವಾಯು ಹಾಗಲ್ಲ. ಅದರ ಮನೆ ಮಣ್ಣು. ನಮ್ಮ ಕರಿಮಣ್ಣಿನ ಹೊಲಗಳನ್ನು ಎಲ್ಲಿಗೆ ಒಯ್ದು ತೊಳೆಯೋಣ? ನೆರೆಮನೆಯವಳು ಮಾಡಿಸಿಕೊಂಡರೆ ಅವಳ ಕೂಸಿಗೆ ರಕ್ಷೆ. ನಮ್ಮ ಕೂಸಿಗೆ ನಮ್ಮ ಸೊಸೆಯೇ ಮಾಡಿಸಿಕೊಳ್ಳಬೇಕು. ಹೊಲದಲ್ಲಿ ಕಾಲಿಗೆ ಮೊಳೆ ಚುಚ್ಚಿದರೆ ನಾವು ಗಂಡಸರು ಯಾರನ್ನೂ ಕೇಳದೆ ಅಂದೇ ದವಾಖಾನೆಗೆ ಓಡಿ ಸೂಜಿ ಮಾಡಿಸಿಕೊಳ್ಳುತ್ತೇವೆ. ನಮ್ಮ ಕಾಲಿಗೆ ಬೇಕಾದದ್ದು ಕೂಸಿನ ಹೊಕ್ಕುಳಿಗೆ ಬೇಡವೆ?

ಕೊನೆಯದು, ಎಲ್ಲಕ್ಕಿಂತ ಭಾರವಾದದ್ದು. ಕೊರಳಲ್ಲಿ ಲಿಂಗವಿರುವಾಗ ಸೂಜಿಯ ಹಂಗೇಕೆ? ಇದನ್ನು ಭಕ್ತಿಯ ಮಾತೆಂದು ಕೆಲವರು ತಿಳಿದಿದ್ದಾರೆ. ಸೊಲ್ಲಾಪುರದವರಿಗೆ ಇದರ ಉತ್ತರ ಕಣ್ಣ ಮುಂದೆಯೇ ಇದೆ. ಮುದ್ದುಗೌಡ ಸುಗ್ಗವ್ವೆಯರ ಮಗನಾಗಿ ಸೊನ್ನಲಿಗೆಯಲ್ಲಿ ಹುಟ್ಟಿದ ಶಿವಯೋಗಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ಅವರಿಗೆ ಶಿವನ ಮೇಲೆ ನಂಬಿಕೆ ಕಡಿಮೆಯಿತ್ತೆ? "ಶಿವ ಮಳೆ ಕೊಡುತ್ತಾನೆ, ನಾವೇಕೆ ಅಗೆಯಬೇಕು" ಎಂದು ಅವರು ಕೂಡಲಿಲ್ಲ. ಶಿವ ಕೊಟ್ಟ ಮಳೆಯನ್ನು ಹಿಡಿದಿಡಲು ಕೆರೆ ಬೇಕೆಂದು ತಿಳಿದರು. ಅದೂ ಬಾಯಾರಿದ ಮೇಲೆ ತೋಡಿದ ಬಾವಿಯಲ್ಲ, ಬಾಯಾರುವ ಮೊದಲು ಕಟ್ಟಿದ ಕೆರೆ. ಲಸಿಕೆಯೂ ಅಂಥದೇ ಕೆರೆ. ರೋಗ ಬಂದ ಮೇಲೆ ತೋಡಿದರೆ ಫಲವಿಲ್ಲ.

ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನಿದ್ದನು. ಔಷಧ ಕೊಡುವುದು ಅವನ ಕಾಯಕ. ಲಿಂಗವಂತರಿಗೆ ಔಷಧ ಬೇಡವಾಗಿದ್ದರೆ ಆ ಕಾಯಕಕ್ಕೆ ಶರಣರ ನಡುವೆ ಸ್ಥಾನವೆಲ್ಲಿರುತ್ತಿತ್ತು? ಶರೀರವನ್ನು ಶಿವನಿರುವ ಗುಡಿಯೆಂದು ತಿಳಿದವರು ಶರಣರು. ಗುಡಿಯ ಗೋಡೆ ಬಿರುಕು ಬಿಟ್ಟರೆ ಗಾರೆ ಹಾಕುವುದನ್ನು ಯಾರೂ ಅಪನಂಬಿಕೆ ಎನ್ನುವುದಿಲ್ಲ. ಇಷ್ಟಲಿಂಗ ಆತ್ಮಕ್ಕೆ ಆಶ್ರಯ. ಲಸಿಕೆ ದೇಹಕ್ಕೆ ಕಾವಲು. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಇಲ್ಲಿ ಆಚಾರದ ಒಂದು ಸೂಕ್ಷ್ಮವನ್ನೂ ಹೇಳಲು ಪೂಜ್ಯರು ತಿಳಿಸಿದ್ದಾರೆ. ಕೂಸು ಹುಟ್ಟಿದೊಡನೆ ಅದರ ಹಣೆಗೆ ವಿಭೂತಿ ಹಚ್ಚುತ್ತೇವೆ. ಇದು ಆಗಲೇಬೇಕು. ಆದರೆ ಕೆಲವು ಮನೆಗಳಲ್ಲಿ ಭಕ್ತಿಯ ಭರದಲ್ಲಿ ಕೊಯ್ದ ಹೊಕ್ಕುಳ ಮೇಲೂ ವಿಭೂತಿ, ಬೂದಿ, ಅರಿಷಿಣ, ಎಣ್ಣೆ ಹಚ್ಚುವುದುಂಟು. ವಿಭೂತಿಯ ಸ್ಥಾನ ಹಣೆ. ಹೊಕ್ಕುಳ ಗಾಯದ ಮೇಲೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು ಎಂಬುದು ವೈದ್ಯರ ಮಾತು. ಹೆರಿಗೆಯ ಹೊತ್ತಿಗೆ ಐದು ಶುಚಿಗಳನ್ನು ಅವರು ಹೇಳುತ್ತಾರೆ: ಕೈ ಶುಚಿ, ಹಾಸಿಗೆ ಶುಚಿ, ಕೊಯ್ಯುವ ಬ್ಲೇಡು ಶುಚಿ, ಕಟ್ಟುವ ದಾರ ಶುಚಿ, ಹೊಕ್ಕುಳ ಶುಚಿ. ಇವೆಲ್ಲ ಸರಿಯಾಗಿ ಆಗಬೇಕೆಂದರೆ ಹೆರಿಗೆ ದವಾಖಾನೆಯಲ್ಲಿಯೇ ಆಗುವುದು ಲೇಸು. ಲಿಂಗವಂತರಿಗೆ ಜನನ ಸೂತಕವಿಲ್ಲ. ಆದ್ದರಿಂದ ಬಾಣಂತಿಯನ್ನು ಮುಟ್ಟಬಾರದು, ನರ್ಸಬಾಯಿ ಒಳಗೆ ಬರಬಾರದು ಎಂಬ ಅಡ್ಡಿ ನಮ್ಮ ಮನೆಗಳಲ್ಲಿ ಇರಲೇಬಾರದು.

ಇನ್ನು ಸೂಜಿಯ ಲೆಕ್ಕವನ್ನು ಎಲ್ಲರೂ ನೆನಪಿಡಬೇಕು. ಬಸುರಿಯೆಂದು ತಿಳಿದೊಡನೆ ಮೊದಲ ಟಿ.ಡಿ. ಸೂಜಿ. ಅದಾಗಿ ನಾಲ್ಕು ವಾರಕ್ಕೆ ಎರಡನೆಯದು. ಹಿಂದಿನ ಬಸುರಿನಲ್ಲಿ ಎರಡೂ ಆಗಿ, ಮೂರು ವರ್ಷದೊಳಗೆ ಮತ್ತೆ ಬಸುರಾದರೆ ಒಂದೇ ಸೂಜಿ ಸಾಕು. ಮೂವತ್ತಾರು ವಾರದೊಳಗೆ ಮುಗಿಸುವುದು ಉತ್ತಮ. ತಡವಾಯಿತೆಂದು ಬಿಡಬಾರದು, ತಡವಾದರೂ ಹಾಕಿಸಬೇಕು. ಎರಡನೆಯ ಸೂಜಿಗೂ ಹೆರಿಗೆಗೂ ನಡುವೆ ಕನಿಷ್ಠ ಎರಡು ವಾರವಿದ್ದರೆ ತಾಯಿಯ ರಕ್ಷೆ ಕೂಸಿಗೆ ಚೆನ್ನಾಗಿ ತಲುಪುತ್ತದೆ. ಸರ್ಕಾರಿ ದವಾಖಾನೆ, ಉಪಕೇಂದ್ರಗಳಲ್ಲಿ ಇದಕ್ಕೆ ದುಡ್ಡಿಲ್ಲ.

ಗಡಿಯಲ್ಲಿರುವ ನಮಗೆ ಬೇರೆ ಕಡೆಯವರಿಗಿಲ್ಲದ ಒಂದು ತೊಡಕಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ರೂಢಿ. ಅತ್ತೆಮನೆ ಅಕ್ಕಲಕೋಟ, ತವರು ಅಫಜಲಪುರ. ಅತ್ತೆಮನೆ ಜತ್ತ, ತವರು ವಿಜಯಪುರ. ಅತ್ತೆಮನೆ ಮಡಕಶಿರಾ, ತವರು ಸಿರಾ. ಒಂದು ರಾಜ್ಯದಲ್ಲಿ ಮೊದಲ ಸೂಜಿ, ಇನ್ನೊಂದು ರಾಜ್ಯದಲ್ಲಿ ಎರಡನೆಯದು. ಅತ್ತೆಮನೆಯವರು "ತವರಿನಲ್ಲಿ ಮಾಡಿಸುತ್ತಾರೆ" ಎಂದು, ತವರಿನವರು "ಅಲ್ಲಿ ಮಾಡಿಸಿರುತ್ತಾರೆ" ಎಂದು ತಿಳಿದು ನಡುವೆ ಎರಡನೆಯ ಸೂಜಿ ತಪ್ಪಿಹೋಗುತ್ತದೆ. ಇದಕ್ಕೆ ಮದ್ದು ಒಂದೇ. ದವಾಖಾನೆಯಲ್ಲಿ ಕೊಡುವ ತಾಯಿ ಕಾರ್ಡನ್ನು ಬಸುರಿಯ ಜೊತೆಯಲ್ಲೇ ಕಳಿಸಬೇಕು. ಕಾರ್ಡು ಮರಾಠಿಯಲ್ಲಿರಲಿ, ತೆಲುಗಿನಲ್ಲಿರಲಿ, ಕನ್ನಡದಲ್ಲಿರಲಿ, ಯಾವ ಸೂಜಿ ಯಾವ ತಾರೀಖಿಗೆ ಆಯಿತೆಂಬುದನ್ನು ಎಲ್ಲ ಕಡೆಯ ನರ್ಸಬಾಯಿಯರೂ ಓದಿ ತಿಳಿಯುತ್ತಾರೆ. ಕುಬಸದ ಸೀರೆಯನ್ನು ಮರೆಯದೆ ಪೆಟ್ಟಿಗೆಗೆ ಇಡುವ ನಾವು ಅದರ ಮೇಲೆ ಈ ಕಾರ್ಡನ್ನೂ ಇಡೋಣ.

ಮನೆಯ ಹಿರಿಯರಿಗೂ ಗಂಡಂದಿರಿಗೂ ಒಂದು ವಿನಂತಿ. ಬಸುರಿಯನ್ನು ಬಯ್ದು, ಹೆದರಿಸಿ ಕರೆದೊಯ್ಯಬೇಡಿರಿ. ಸುಳ್ಳು ಹೇಳಿಯೂ ಒಯ್ಯಬೇಡಿರಿ. ಅವಳ ಮಾತು ಕೇಳಿರಿ. ಉತ್ತರ ಗೊತ್ತಿದ್ದರೆ ಹೇಳಿರಿ, ಇಲ್ಲದಿದ್ದರೆ ಡಾಕ್ಟರರನ್ನು ಅವಳೇ ಕೇಳುವಂತೆ ಜೊತೆಗೆ ಹೋಗಿ ಕೂಡಿರಿ. ಪ್ರತಿ ತಿಂಗಳ 9ನೆಯ ತಾರೀಖಿಗೆ ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರನ್ನು ಡಾಕ್ಟರರು ಪುಕ್ಕಟೆಯಾಗಿ ಪರೀಕ್ಷಿಸುವ ವ್ಯವಸ್ಥೆ 2016ರಿಂದ ಇದೆ. ಆ ದಿನ ವ್ಯಾಪಾರಸ್ಥರು ಅರ್ಧ ದಿನ ಅಂಗಡಿಯ ಬಾಗಿಲು ಹಾಕಿದರೆ, ರೈತರು ಒಂದು ಹೊತ್ತು ಕುಂಟೆ ನಿಲ್ಲಿಸಿದರೆ ನಷ್ಟವೇನಿಲ್ಲ. ಅದೂ ದಾಸೋಹವೇ. ನಿಮ್ಮ ಹೊತ್ತನ್ನು ಇನ್ನೂ ಹುಟ್ಟದ ಜೀವಕ್ಕೆ ಉಣಬಡಿಸಿದಂತೆ.

ಕೊನೆಯದಾಗಿ, ಹಳ್ಳಿ ಹಳ್ಳಿಗೆ ಹೋಗಿ ಗರ್ಭಲಿಂಗಧಾರಣೆ ಮಾಡಿಸುವ ಅಯ್ಯನವರಲ್ಲಿ ಪೂಜ್ಯರ ಒಂದು ಅಪ್ಪಣೆಯನ್ನು ತಿಳಿಸುತ್ತಿದ್ದೇನೆ. ಎಂಟನೆಯ ತಿಂಗಳಲ್ಲಿ ನೀವು ಆ ಮನೆಗೆ ಹೋದಾಗ ಲಿಂಗವನ್ನು ಕೊಡುವ ಮೊದಲು "ತಾಯಿ ಕಾರ್ಡು ತೋರಸ್ರಿ" ಎಂದು ಕೇಳಿರಿ. ಎರಡೂ ಸೂಜಿ ಆಗಿದ್ದರೆ ಸಂತೋಷ. ಒಂದು ಉಳಿದಿದ್ದರೆ ಮರುದಿನವೇ ಕಳಿಸಿರಿ. ಒಂದೂ ಆಗಿರದಿದ್ದರೂ ಹೊತ್ತು ಮೀರಿಲ್ಲ. ಎಂಟರಲ್ಲಿ ಒಂದಾದರೆ ನಾಲ್ಕು ವಾರ ಬಿಟ್ಟು ಒಂಬತ್ತರಲ್ಲಿ ಇನ್ನೊಂದು ಆಗಬಹುದು. ಆದರೆ ಇದಕ್ಕಿಂತ ತಡ ಮಾಡಿದರೆ ಎರಡನೆಯದಕ್ಕೆ ದಿನ ಸಾಲುವುದಿಲ್ಲ. ದವಾಖಾನೆಯ ಸೂಚನೆಯನ್ನು ಕೇಳದ ಮನೆಯವರೂ ನಿಮ್ಮ ಮಾತನ್ನು ಕೇಳುತ್ತಾರೆ. ಮಠದ ಮಾತಿಗೆ ಜನ ಕೊಟ್ಟಿರುವ ಬೆಲೆಯನ್ನು ಒಂದು ಕೂಸಿನ ಉಸಿರು ಉಳಿಸಲು ಬಳಸುವುದಕ್ಕಿಂತ ದೊಡ್ಡ ಗುರುಸೇವೆ ಬೇರೊಂದಿಲ್ಲ.

ಒಡಲಲ್ಲಿ ಕೂಸನ್ನು ಹೊತ್ತ ತಾಯಂದಿರೇ, ಅಂಜಿಕೆಯಿದ್ದರೆ ಬಾಯಿಬಿಟ್ಟು ಕೇಳಿರಿ. ತಿಳಿದು ಧೈರ್ಯ ತಂದುಕೊಳ್ಳಿರಿ. ಗುರುವಿನ ಮುಂದೆ ಲಿಂಗಕ್ಕಾಗಿ ಸೆರಗು ಒಡ್ಡಿದ ಹಾಗೆಯೇ ನರ್ಸಬಾಯಿಯ ಮುಂದೆ ತೋಳು ಒಡ್ಡಿರಿ. ಎರಡೂ ಕೂಸಿಗಾಗಿಯೇ. ಗುರು ಬಸವಣ್ಣನವರ ಕೃಪೆಯಿಂದ ಎಲ್ಲ ಬಸುರಿಯರಿಗೂ ಸುಖಪ್ರಸವವಾಗಲಿ, ಎಲ್ಲ ತೊಟ್ಟಿಲುಗಳೂ ತುಂಬಿ ತೂಗಲಿ.

ಶರಣು ಶರಣಾರ್ಥಿಗಳು.

ಪೂಜ್ಯರ ಅಪ್ಪಣೆಯಂತೆ,
ಕಾರ್ಯದರ್ಶಿ, ಶ್ರೀಮಠ